ರಕ್ತ ಹೆಚ್ಚಿದ್ದರೆ ಬಲವೇ?

ರಕ್ತ ಕಡಿಮೆಯಾದರೆ ಕಾಯಿಲೆ, ಹೆಚ್ಚಾದರೆ ಬಲ ಎಂಬ ನಂಬಿಕೆ ಬಲವಾಗಿರುವುದರಿಂದ, ಪರೀಕ್ಷಾ ವರದಿಯಲ್ಲಿ ಕೆಂಪು ರಕ್ತಕಣಗಳ ಸಂಖ್ಯೆ ಮಿತಿ ಮೀರಿರುವುದು ಸುಲಭವಾಗಿ ಕಣ್ತಪ್ಪುತ್ತದೆ. ಈ ನಂಬಿಕೆ ಎಷ್ಟು ಸಡಿಲವೆಂಬುದಕ್ಕೆ ದೂರ ಹೋಗಬೇಕಿಲ್ಲ. 1966ರಿಂದ ಮುಂಡಗೋಡಿನಲ್ಲಿ ನೆಲೆಸಿರುವ ಟಿಬೆಟನ್ ಸಮುದಾಯದ ಶರೀರಶಾಸ್ತ್ರವೇ ಅದನ್ನು ಅಲ್ಲಗಳೆಯುತ್ತದೆ.

ರಕ್ತದಲ್ಲಿ ಆಮ್ಲಜನಕ ತಗ್ಗಿದಾಗ ಮೂತ್ರಪಿಂಡವು ಎರಿತ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸಿ, ಮೂಳೆಯೊಳಗಿನ ಮಜ್ಜೆಯಲ್ಲಿ ಕೆಂಪು ಕಣಗಳ ಉತ್ಪಾದನೆಯನ್ನು ಚುರುಕುಗೊಳಿಸುತ್ತದೆ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತವಾಸಿಗಳಲ್ಲಿ ಈ ಪ್ರತಿಕ್ರಿಯೆ ಅತಿಯಾಗಿ, ರಕ್ತ ದಪ್ಪಗಟ್ಟಿ, ತಲೆನೋವು, ಉಸಿರುಗಟ್ಟುವಿಕೆಗಳನ್ನು ತರುವ ಕಾಯಿಲೆಯಾಗುವುದುಂಟು. ಟಿಬೆಟನ್ನರಲ್ಲಿ ಇದು ವಿರಳ. ಅಷ್ಟೇ ಎತ್ತರದಲ್ಲಿದ್ದರೂ ಅವರ ಹಿಮೋಗ್ಲೋಬಿನ್ ಸರಾಸರಿಯಲ್ಲಿ ಕಡಿಮೆ. ಇದಕ್ಕೆ ಇಪಿಎಎಸ್-1 ಎಂಬ ಜೀನಿನ ವಿಶಿಷ್ಟ ರೂಪದ ನಂಟಿರುವುದು 2010ರಲ್ಲಿ ಪ್ರಕಟವಾದ ಅಧ್ಯಯನಗಳಿಂದ ತಿಳಿಯಿತು. ಆ ರೂಪವು ಡೆನಿಸೋವನ್ ಎಂಬ ಅಳಿದುಹೋದ ಮಾನವ ಕುಲದಿಂದ ಬಂದಿರಬೇಕೆಂದು 2014ರ ಸಂಶೋಧನೆ ಸೂಚಿಸಿತು. ಎತ್ತರವನ್ನು ಗೆದ್ದವರು ರಕ್ತವನ್ನು ಹೆಚ್ಚಿಸಿಕೊಂಡು ಗೆದ್ದವರಲ್ಲ.

ಆದ್ದರಿಂದ ಮುಂಡಗೋಡಿನ ಟಿಬೆಟನ್ನರೊಬ್ಬರ ವರದಿಯಲ್ಲಿ ಕಣಸಂಖ್ಯೆ ಹೆಚ್ಚಿದ್ದರೆ ಅದನ್ನು ‘ಬೆಟ್ಟದ ರಕ್ತ’ವೆಂದು ಬದಿಗಿಡುವುದು ಎರಡು ಪಟ್ಟು ತಪ್ಪು: ಅವರ ಆನುವಂಶಿಕತೆ ಅದಕ್ಕೆ ವಿರುದ್ಧವಾಗಿದೆ, ಮುಂಡಗೋಡು ಬೆಟ್ಟದ ಮೇಲಿನ ಊರೂ ಅಲ್ಲ. ಲಡಾಖಿನಂಥ ಎತ್ತರದ ಪ್ರದೇಶದಿಂದ ಈಗಷ್ಟೇ ಇಲ್ಲಿನ ಡ್ರೆಪುಂಗ್, ಗಾಂದೆನ್ ಮಠಗಳಿಗೆ ಬಂದವರ ಮಾತು ಬೇರೆ. ಅವರಲ್ಲಿ ಹೆಚ್ಚಿದ ಸಂಖ್ಯೆ ಕೆಲವು ವಾರಗಳಲ್ಲಿ ಇಳಿಯುವ ಸಾಧ್ಯತೆಯಿರುವುದರಿಂದ ಮರುಪರೀಕ್ಷೆ ಸಾಕಾಗಬಹುದು.

ಎತ್ತರವಿಲ್ಲದೆಯೂ ಆಮ್ಲಜನಕದ ಕೊರತೆ ಉಂಟಾಗುತ್ತದೆ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಮ್ಲಜನಕದ ಜಾಗವನ್ನು ಕಬಳಿಸುತ್ತದೆ. ಜೋಯಿಡಾದಂಥ ಕಾಡಂಚಿನ ಮನೆಗಳಲ್ಲಿ ಸೌದೆ ಒಲೆಯ ಮುಂದೆ ವರ್ಷಗಟ್ಟಲೆ ಕುಳಿತವರ ಶ್ವಾಸಕೋಶ ಸೊರಗಿದಾಗಲೂ ಮಜ್ಜೆಗೆ ಅದೇ ಸಂದೇಶ ತಲುಪಬಹುದು. ದಾಂಡೇಲಿ, ಹಳಿಯಾಳದ ಬೇಸಿಗೆಯಲ್ಲಿ ಬೆವರು ಹರಿಸಿ ದುಡಿದು ನೀರು ಕುಡಿಯದವರಲ್ಲಿ ಕಣಗಳು ಹೆಚ್ಚಿರುವುದಿಲ್ಲ, ದ್ರವ ತಗ್ಗಿ ಹೆಚ್ಚಿದಂತೆ ತೋರುತ್ತವೆ.

ಇವೆಲ್ಲಕ್ಕಿಂತ ವಿರಳವಾದ, ಆದರೆ ತಪ್ಪಿಸಬಾರದ ಕಾರಣವೆಂದರೆ ಮಜ್ಜೆಯೇ ಅಂಕೆ ಮೀರಿ ಕಣಗಳನ್ನು ಹುಟ್ಟಿಸುವ ಪಾಲಿಸೈಥೀಮಿಯಾ ವೆರಾ ಎಂಬ ರಕ್ತದ ಕ್ಯಾನ್ಸರ್. ಅದರ ಬಹುಪಾಲು ರೋಗಿಗಳಲ್ಲಿ ಜೇಕ್-2 ಜೀನಿನ ವಿಕೃತಿಯಿರುವುದು 2005ರಲ್ಲಿ ಪತ್ತೆಯಾಯಿತು. ಹಂಡೆಯ ಬಿಸಿನೀರಿನ ಸ್ನಾನದ ಬಳಿಕ ಮೈಯೆಲ್ಲ ತುರಿಸುವುದು ಅದರ ಒಂದು ಲಕ್ಷಣ. ಚಿಕಿತ್ಸೆಯಿಲ್ಲದಿದ್ದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು, ಹೃದಯಾಘಾತಗಳಾಗಬಹುದು. ರಕ್ತದಲ್ಲಿ ಕಣಗಳ ಪಾಲಾದ ಹೆಮಟೋಕ್ರಿಟ್ಟನ್ನು ಶೇ 45ಕ್ಕಿಂತ ಕೆಳಗಿಡಲು ಆಗಾಗ ರಕ್ತ ತೆಗೆಯುವುದು ಚಿಕಿತ್ಸೆಯ ಮುಖ್ಯ ಭಾಗ.

ಹಿಮೋಗ್ಲೋಬಿನ್ ಮಾತ್ರ ನೋಡಿ ಎಣಿಕೆಯನ್ನು ಕಡೆಗಣಿಸಿದರೆ ಇನ್ನೊಂದು ಎಡವಟ್ಟೂ ಇದೆ. ಥಲಸ್ಸೇಮಿಯಾ ಜೀನಿನ ವಾಹಕರಲ್ಲಿ ಕಣಗಳು ಗಾತ್ರದಲ್ಲಿ ಚಿಕ್ಕವಾಗಿ, ಸಂಖ್ಯೆಯಲ್ಲಿ ಹೆಚ್ಚಾಗಿದ್ದೂ ಹಿಮೋಗ್ಲೋಬಿನ್ ಕಡಿಮೆಯಿರಬಹುದು. ಅದನ್ನೇ ಕಬ್ಬಿಣದ ಕೊರತೆಯ ರಕ್ತಹೀನತೆಯೆಂದು ಬಗೆದು, ಆ ಕೊರತೆಯೇ ಇಲ್ಲದವರಿಗೆ ಕಬ್ಬಿಣದ ಮಾತ್ರೆಗಳನ್ನು ವರ್ಷಾನುಗಟ್ಟಲೆ ಕೊಡುವಾಗ, ಪತಿಪತ್ನಿಯರಿಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ತೀವ್ರ ಥಲಸ್ಸೇಮಿಯಾ ತಗಲುವ ಶೇ 25ರ ಸಾಧ್ಯತೆ ವರದಿಯ ಕಣಸಂಖ್ಯೆಯ ಆ ಒಂದು ಸಾಲಿನಲ್ಲಿಯೇ ಅಡಗಿ ಉಳಿಯುತ್ತದೆ.