ಹೋಲ್‌ಸ್ಟರ್ ಮೆತ್ತಗಿರಬಾರದು

ಪಿಸ್ತೂಲಿನ ಲೈಸೆನ್ಸ್ ಕೈಗೆ ಬಂದವರು ಅಂಗಡಿಗೆ ಹೋದಾಗ ಪಿಸ್ತೂಲಿನ ಬಗ್ಗೆ ಹತ್ತಾರು ಪ್ರಶ್ನೆ ಕೇಳುತ್ತಾರೆ. ಎಷ್ಟು ಗುಂಡು ಹಿಡಿಯುತ್ತದೆ, ಎಷ್ಟು ತೂಕ, ಎಲ್ಲಿಯ ತಯಾರಿಕೆ, ರಿಪೇರಿಗೆ ಬಿಡಿಭಾಗ ಸಿಗುತ್ತದೆಯೇ ಎಂದೆಲ್ಲ. ಅದನ್ನು ಇಟ್ಟುಕೊಳ್ಳುವ ಹೋಲ್‌ಸ್ಟರ್ ವಿಚಾರಕ್ಕೆ ಬಂದರೆ ಮಾತ್ರ ಕೇಳುವುದು ಒಂದೇ ಪ್ರಶ್ನೆ: ‘ಸೊಂಟಕ್ಕೆ ಚುಚ್ಚುವುದಿಲ್ಲ ತಾನೇ?’ ಅಂಗಡಿಯವರೂ ಮೆತ್ತನೆಯ ನೈಲಾನ್ ಚೀಲವೊಂದನ್ನು ಮುಂದಿಡುತ್ತಾರೆ. ಯಾವ ಪಿಸ್ತೂಲಿಗಾದರೂ ಆಗುತ್ತದೆ, ಹಗುರ, ಬೆಲೆಯೂ ಕಡಿಮೆ. ಒಂದು ಲಕ್ಷ ರೂಪಾಯಿಯ ಆಯುಧಕ್ಕೆ ಕೆಲವೇ ನೂರು ರೂಪಾಯಿಯ ಚೀಲ. ವ್ಯಾಪಾರ ಮುಗಿಯಿತು.

ಆ ಮೊದಲ ಪ್ರಶ್ನೆಯೇ ತಪ್ಪು ಎಂಬುದು ನನ್ನ ವಾದ. ಹೋಲ್‌ಸ್ಟರ್ ಆರಾಮವಾಗಿರಬೇಕು ಎಂಬುದರಲ್ಲಿ ತಕರಾರಿಲ್ಲ. ಆದರೆ ಆ ಆರಾಮವನ್ನು ಹೋಲ್‌ಸ್ಟರನ್ನು ಮೆತ್ತಗೆ ಮಾಡಿ ಪಡೆಯಬಾರದು. ಹಾಗೆ ಪಡೆದ ಆರಾಮದ ಬೆಲೆಯನ್ನು ಬಹಳ ಸಲ ತೆರುವವರು ಬೇರೆಯವರು: ಪಕ್ಕದ ಕುರ್ಚಿಯಲ್ಲಿ ಕೂತವರು, ಲಿಫ್ಟಿನಲ್ಲಿ ಹಿಂದೆ ನಿಂತವರು, ಮನೆಯ ಮಗು.

ಪಿಸ್ತೂಲು ಇಟ್ಟುಕೊಳ್ಳಬೇಕೇ ಬೇಡವೇ ಎಂಬ ಚರ್ಚೆ ಬೇರೆ. ಅದನ್ನು ಇಲ್ಲಿ ಎತ್ತಿಕೊಂಡಿಲ್ಲ. ಈ ಪತ್ರ ಓದುವ ಬಹುಪಾಲು ಜನರ ಬಳಿ ಪಿಸ್ತೂಲಿಲ್ಲ ಎಂಬುದೂ ಗೊತ್ತು. ಆದರೆ ದೆಹಲಿಯ ಸುತ್ತಮುತ್ತ ಮದುವೆಗೆ ಹೋಗಿ ಬಂದವರಿಗೆ, ಮುಂಬೈ ಪುಣೆಗಳಲ್ಲಿ ಜಮೀನು ವ್ಯವಹಾರದವರ ಜೊತೆ ಊಟಕ್ಕೆ ಕೂತವರಿಗೆ, ಅಂಗಿಯ ಕೆಳಗೆ ಉಬ್ಬಿಕೊಂಡಿರುವುದು ಏನು ಎಂದು ಹೇಳಬೇಕಾಗಿಲ್ಲ. ಆ ಉಬ್ಬಿನ ಒಳಗೆ ಏನಿದೆ ಎಂಬುದಕ್ಕಿಂತ, ಅದು ಯಾವುದರಲ್ಲಿದೆ ಎಂಬುದು ನಮಗೂ ಸಂಬಂಧಿಸಿದ ವಿಷಯ.

ಹೋಲ್‌ಸ್ಟರ್ ಅಂದರೆ ಚೀಲವಲ್ಲ. ಅದು ಆಯುಧದ ಒಂದು ಭಾಗ. ಅದಕ್ಕೆ ಮೂರು ಕೆಲಸ. ಒಂದು, ಟ್ರಿಗರನ್ನು ಪೂರ್ತಿ ಮುಚ್ಚುವುದು. ಬೆರಳಾಗಲಿ, ಅಂಗಿಯ ಅಂಚಾಗಲಿ, ಕೀಲಿಕೈಯಾಗಲಿ ಅಲ್ಲಿಗೆ ತಲುಪಬಾರದು. ಎರಡು, ಓಡಿದರೂ ಬಗ್ಗಿದರೂ ಬಿದ್ದರೂ ಆಯುಧವನ್ನು ಬಿಡದೆ ಹಿಡಿದುಕೊಳ್ಳುವುದು. ಮೂರು, ಅದನ್ನು ದಿನವೂ ಒಂದೇ ಜಾಗದಲ್ಲಿ, ಒಂದೇ ಕೋನದಲ್ಲಿ ಇಡುವುದು. ಈ ಮೂರಕ್ಕೂ ಬೇಕಾದದ್ದು ಗಟ್ಟಿತನ. ದಪ್ಪ ಚರ್ಮವನ್ನು ಆ ಒಂದೇ ಮಾದರಿಯ ಪಿಸ್ತೂಲಿನ ಅಚ್ಚಿಗೆ ಕೂರಿಸಿ ಹೊಲಿದದ್ದಾದರೂ ಸರಿ, ಕೈಡೆಕ್ಸ್‌ನಂಥ ಗಟ್ಟಿ ಪ್ಲಾಸ್ಟಿಕ್ಕನ್ನು ಕಾಯಿಸಿ ಒತ್ತಿ ಮಾಡಿದ್ದಾದರೂ ಸರಿ. ಎಲ್ಲ ಪಿಸ್ತೂಲಿಗೂ ಆಗುವ ಚೀಲ ಯಾವ ಪಿಸ್ತೂಲಿಗೂ ಸರಿಯಾಗಿ ಆಗುವುದಿಲ್ಲ.

ಈ ಗಟ್ಟಿತನದ ಅಗತ್ಯ ಹಿಂದಿಗಿಂತ ಈಗ ಹೆಚ್ಚು. ಹಳೆಯ ಡಬಲ್ ಆ್ಯಕ್ಷನ್ ರಿವಾಲ್ವರಿನ ಟ್ರಿಗರನ್ನು ಪೂರ್ತಿ ಎಳೆಯಲು ನಾಲ್ಕೈದು ಕಿಲೋ ಬಲ ಬೇಕು. ಎಳೆಯಬೇಕಾದ ದೂರವೂ ಹೆಚ್ಚು. 1980ರ ದಶಕದಲ್ಲಿ ಆಸ್ಟ್ರಿಯಾದ ಗ್ಲಾಕ್ ಪಿಸ್ತೂಲು ಬಂದ ಮೇಲೆ ಪದ್ಧತಿ ಬದಲಾಯಿತು. ಅದರಲ್ಲಿ ಹೆಬ್ಬೆರಳಿನಿಂದ ಸರಿಸುವ ಸೇಫ್ಟಿ ಗುಂಡಿ ಇಲ್ಲ. ಸೇಫ್ಟಿ ಇರುವುದು ಒಳಗೆ ಮತ್ತು ಟ್ರಿಗರಿನ ಮೇಲೇ. ಸುಮಾರು ಎರಡೂವರೆ ಕಿಲೋ ಬಲ ಬಿದ್ದರೆ ಗುಂಡು ಹಾರುತ್ತದೆ. ಈಗಿನ ಎಷ್ಟೋ ಪಿಸ್ತೂಲುಗಳು ಇದೇ ಜಾಡಿನವು. ಇಂಥ ಆಯುಧಕ್ಕೆ ಹೋಲ್‌ಸ್ಟರೇ ಹೊರಗಿನ ಸೇಫ್ಟಿ. ಹಳತಾದ ಚರ್ಮದ ಹೋಲ್‌ಸ್ಟರಿನ ಬಾಯಿ ಮೆತ್ತಗಾಗಿ ಒಳಕ್ಕೆ ಮಡಚಿಕೊಂಡಿತು ಅನ್ನಿ. ಪಿಸ್ತೂಲನ್ನು ಒಳಗೆ ತಳ್ಳುವಾಗ ಆ ಮಡಿಕೆಯೇ ಬೆರಳಿನ ಕೆಲಸ ಮಾಡುತ್ತದೆ. ಗುಂಡು ಹೋಗುವುದು ಸ್ವಂತ ತೊಡೆಗೆ, ಇಲ್ಲವೇ ಎದುರಿಗಿದ್ದವರಿಗೆ.

ಇದೆಲ್ಲ ಊಹೆಯಲ್ಲ. ಬಚ್ಚಿಟ್ಟು ಪಿಸ್ತೂಲು ಒಯ್ಯುವುದು ಅತಿ ಹೆಚ್ಚು ರೂಢಿಯಲ್ಲಿರುವ ದೇಶ ಅಮೆರಿಕ. ಅಲ್ಲಿನ 29 ರಾಜ್ಯಗಳಲ್ಲಿ ಈಗ ಅದಕ್ಕೆ ಪರವಾನಗಿಯೂ ಬೇಕಾಗಿಲ್ಲ. ಹಾಗಾಗಿ ಹೋಲ್‌ಸ್ಟರಿನ ಪಾಠಗಳೂ ಅಲ್ಲಿಯೇ ಹೆಚ್ಚು ಸಿಗುತ್ತವೆ. 2008ರ ನವೆಂಬರಿನಲ್ಲಿ ಅಲ್ಲಿನ ಹೆಸರಾಂತ ಫುಟ್‌ಬಾಲ್ ಆಟಗಾರ ಪ್ಲ್ಯಾಕ್ಸಿಕೊ ಬರೆಸ್ ನ್ಯೂಯಾರ್ಕಿನ ನೈಟ್‌ಕ್ಲಬ್ಬಿಗೆ ಗ್ಲಾಕ್ ಪಿಸ್ತೂಲನ್ನು ಹೋಲ್‌ಸ್ಟರಿಲ್ಲದೆ ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಅದಕ್ಕಿಂತ ಆರಾಮದ ವ್ಯವಸ್ಥೆ ಇನ್ನೊಂದಿಲ್ಲ. ಪಿಸ್ತೂಲು ಜಾರಿತು, ಹಾರಿದ ಗುಂಡು ಅವರದೇ ತೊಡೆಗೆ ಬಿತ್ತು. ಆ ಊರಿನ ಪರವಾನಗಿ ಇರಲಿಲ್ಲವಾದ್ದರಿಂದ ಎರಡು ವರ್ಷದ ಶಿಕ್ಷೆಯೂ ಆಯಿತು.

ಅವರು ಆಟಗಾರ, ತರಬೇತಿ ಇರಲಿಲ್ಲ ಅನ್ನಬಹುದು. ಹಾಗಾದರೆ 2018ರ ಜೂನಿನ ಡೆನ್ವರ್ ಘಟನೆ ನೋಡಿ. ಕೆಲಸದ ಮೇಲಿಲ್ಲದ ಎಫ್‌ಬಿಐ ಅಧಿಕಾರಿಯೊಬ್ಬರು ಬಾರಿನಲ್ಲಿ ಕುಣಿಯುತ್ತ ಹಿಂದಕ್ಕೆ ಪಲ್ಟಿ ಹೊಡೆದರು. ಸೊಂಟದಲ್ಲಿದ್ದ ಪಿಸ್ತೂಲು ನೆಲಕ್ಕೆ ಬಿತ್ತು. ಗಡಿಬಿಡಿಯಲ್ಲಿ ಹೆಕ್ಕಿಕೊಳ್ಳುವಾಗ ಗುಂಡು ಹಾರಿ ಅಲ್ಲಿದ್ದ ಗ್ರಾಹಕರೊಬ್ಬರ ಕಾಲಿಗೆ ತಗುಲಿತು. ಆ ಅಧಿಕಾರಿಗೆ ತರಬೇತಿಯ ಕೊರತೆ ಇರಲಿಲ್ಲ. ಪಲ್ಟಿ ಹೊಡೆಯುವ ಹೊತ್ತಿಗೆ ಸೊಂಟದಲ್ಲಿ ಏನಿದೆ ಎಂಬ ನೆನಪು ಇರಲಿಲ್ಲ, ಸೊಂಟದಲ್ಲಿದ್ದದ್ದನ್ನು ಬಿಗಿಯಾಗಿ ಹಿಡಿದುಕೊಂಡದ್ದೂ ಏನೂ ಇರಲಿಲ್ಲ. ಹಾಕಿಕೊಂಡದ್ದೇ ಮರೆತುಹೋಗುತ್ತದೆ ಎಂಬ ಧಾಟಿಯಲ್ಲಿ ಹೋಲ್‌ಸ್ಟರ್ ಮಾರುವವರಿದ್ದಾರೆ. ಪಾದರಕ್ಷೆಗೆ, ಕನ್ನಡಕಕ್ಕೆ ಅದು ಒಳ್ಳೆಯ ಗುಣ. ಗುಂಡು ತುಂಬಿದ ಪಿಸ್ತೂಲಿಗೆ ಅದು ದೋಷ. ಮಡಿಲಲ್ಲಿ ಕೆಂಡ ಕಟ್ಟಿಕೊಂಡವರು ಅದನ್ನು ಮರೆಯುವ ಉಪಾಯ ಹುಡುಕುತ್ತಾರೆಯೇ?

ಮೆತ್ತನೆಯ ವ್ಯವಸ್ಥೆಯ ಕೊನೆಯ ಮೆಟ್ಟಿಲು ಕೈಚೀಲ. 2014ರ ಡಿಸೆಂಬರಿನಲ್ಲಿ ಐಡಹೊ ರಾಜ್ಯದ ಹೇಡನ್ ಎಂಬ ಊರಿನ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ತಳ್ಳುಗಾಡಿಯಲ್ಲಿ ಕೂತಿತ್ತು. ಪಕ್ಕದಲ್ಲಿ ತಾಯಿಯ ಕೈಚೀಲ. ಪಿಸ್ತೂಲು ಇಡಲೆಂದೇ ಜಿಪ್ ಹಾಕಿ ಮಾಡಿದ ಖಾನೆಯಿದ್ದ ಚೀಲ ಅದು. ಮಗು ಜಿಪ್ ತೆಗೆಯಿತು. ತಾಯಿ ಅಲ್ಲಿಯೇ ತೀರಿಕೊಂಡರು. ಆಕೆಗೆ ಪರವಾನಗಿ ಇತ್ತು, ಬಂದೂಕಿನ ಬಳಕೆಯೂ ಗೊತ್ತಿತ್ತು. ಮಗುವಿನ ಕೈಗೂ ಟ್ರಿಗರಿಗೂ ನಡುವೆ ಇದ್ದದ್ದು ಒಂದು ಜಿಪ್ ಮಾತ್ರ. ಅದೇ ವರ್ಷದ ಆರಂಭದಲ್ಲಿ ನಮ್ಮ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದು ‘ನಿರ್ಭೀಕ್’ ಎಂಬ .32 ರಿವಾಲ್ವರನ್ನು ಹೊರತಂದಿತ್ತು. ತೂಕ ಅರ್ಧ ಕಿಲೋ. ಹೆಂಗಸರ ಕೈಚೀಲದಲ್ಲಿ ಹಿಡಿಸುತ್ತದೆ ಎಂಬುದೇ ಅದರ ಹೆಗ್ಗಳಿಕೆಯಾಗಿ ಸುದ್ದಿಯಾಯಿತು. ಕೈಚೀಲವನ್ನು ನಾವು ಎಲ್ಲೆಲ್ಲಿ ಇಡುತ್ತೇವೆ ಎಂದು ಯೋಚಿಸಿ. ಕುರ್ಚಿಯ ಬೆನ್ನಿಗೆ ನೇತುಹಾಕುತ್ತೇವೆ, ಸೋಫಾದ ಮೇಲೆ ಎಸೆಯುತ್ತೇವೆ, ಚಾಕೊಲೇಟು ತೆಗೆದುಕೋ ಎಂದು ಮಗುವಿನ ಕೈಗೇ ಕೊಡುತ್ತೇವೆ.

ಎದುರು ವಾದವೂ ಇದೆ. ಅದು ಹಗುರವಾದ ವಾದವಲ್ಲ. ಚುಚ್ಚುವ ಹೋಲ್‌ಸ್ಟರನ್ನು ಯಾರೂ ದಿನವಿಡೀ ಕಟ್ಟಿಕೊಳ್ಳುವುದಿಲ್ಲ. ಕಾರಿನಲ್ಲಿ ಕೂತಾಗ ಬಿಚ್ಚಿ ಡ್ಯಾಶ್‌ಬೋರ್ಡಿನಲ್ಲಿ ಇಡುತ್ತಾರೆ, ಆಫೀಸಿನಲ್ಲಿ ಮೇಜಿನ ಡ್ರಾಯರಿಗೆ ಹಾಕುತ್ತಾರೆ, ಶೌಚಾಲಯದಲ್ಲಿ ತೆಗೆದಿಟ್ಟು ಮರೆತು ಬರುತ್ತಾರೆ. 2015ರಲ್ಲಿ ಅಮೆರಿಕದ ಸಂಸತ್ ಭವನದಲ್ಲೇ ಹೀಗಾದದ್ದು ಬೆಳಕಿಗೆ ಬಂತು: ಸ್ಪೀಕರ್ ಅವರ ಭದ್ರತಾ ಸಿಬ್ಬಂದಿಯೊಬ್ಬರು ಶೌಚಾಲಯದಲ್ಲಿ ಬಿಟ್ಟುಹೋದ ಗ್ಲಾಕ್ ಪಿಸ್ತೂಲು ಸಿಕ್ಕಿದ್ದು ಭವನ ನೋಡಲು ಬಂದಿದ್ದ ಏಳೆಂಟು ವರ್ಷದ ಮಗುವಿಗೆ. ಹಾಗಾಗಿ ಆರಾಮವೂ ಸುರಕ್ಷತೆಯ ಭಾಗವೇ ಎನ್ನುತ್ತಾರೆ.

ಒಪ್ಪುತ್ತೇನೆ. ಆದರೆ ಇದರಿಂದ ಹೊರಡುವ ತೀರ್ಮಾನ ಹೋಲ್‌ಸ್ಟರ್ ಮೆತ್ತಗಿರಲಿ ಎಂಬುದಲ್ಲ. ಆರಾಮವನ್ನು ಬೇರೆ ಕಡೆಯಿಂದ ತನ್ನಿ ಎಂಬುದು. ತರುವ ದಾರಿಗಳು ಬೇಕಾದಷ್ಟಿವೆ. ಮೊದಲನೆಯದು ಬೆಲ್ಟು. ಮಾಮೂಲಿ ಪ್ಯಾಂಟಿನ ತೆಳು ಬೆಲ್ಟು ಪಿಸ್ತೂಲಿನ ಭಾರಕ್ಕೆ ಒಂದೇ ಕಡೆ ಜೋಲುತ್ತದೆ, ಜೋತ ಜಾಗದಲ್ಲೇ ಚುಚ್ಚುತ್ತದೆ. ಎರಡು ಪದರದ ಗಟ್ಟಿ ಬೆಲ್ಟು ಭಾರವನ್ನು ಇಡೀ ಸೊಂಟಕ್ಕೆ ಹಂಚುತ್ತದೆ. ಹೋಲ್‌ಸ್ಟರನ್ನು ಬೈಯುವ ಎಷ್ಟೋ ಜನರ ತೊಂದರೆ ನಿಜವಾಗಿ ಇರುವುದು ಬೆಲ್ಟಿನಲ್ಲಿ. ಎರಡನೆಯದು ಬಟ್ಟೆ. ಪ್ಯಾಂಟಿನ ಒಳಗೆ ಕೂರುವ ಹೋಲ್‌ಸ್ಟರಿಗೆ ಸೊಂಟದ ಅಳತೆ ಒಂದೆರಡು ಇಂಚು ಹೆಚ್ಚು ಬೇಕು. ಮೈಗೂ ಹೋಲ್‌ಸ್ಟರಿಗೂ ನಡುವೆ ಒಂದು ಬನಿಯನ್ ಬೇಕು. ಮುಂಬೈ, ಚೆನ್ನೈಗಳ ಬೆವರಿನಲ್ಲಿ ಇದು ಸಣ್ಣ ಮಾತಲ್ಲ. ಚರ್ಮ ಬೆವರು ಕುಡಿದು ಮೆತ್ತಗಾಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಆ ಊರುಗಳಲ್ಲಿ ಚರ್ಮಕ್ಕಿಂತ ಗಟ್ಟಿ ಪ್ಲಾಸ್ಟಿಕ್ಕೇ ವಾಸಿ.

ಮೂರನೆಯದು ಜಾಗ. ಹೊಕ್ಕುಳನ್ನು ಗಡಿಯಾರದ ಹನ್ನೆರಡು ಎಂದುಕೊಂಡರೆ, ಬಲಗೈಯವರಿಗೆ ಮೂರು, ನಾಲ್ಕರ ಜಾಗ ನಡೆಯುವಾಗ ಹಾಯಾಗಿರುತ್ತದೆ, ಕಾರಿನ ಸೀಟಿನಲ್ಲಿ ಒತ್ತುತ್ತದೆ. ಒಂದರ ಹತ್ತಿರ, ಹೊಟ್ಟೆಯ ಮುಂಭಾಗ, ತೆಳ್ಳಗಿನವರಿಗೆ ಹೊಂದುತ್ತದೆ. ಆದರೆ ಅಲ್ಲಿ ಪಿಸ್ತೂಲಿನ ಬಾಯಿ ತೊಡೆಸಂದಿನ ದೊಡ್ಡ ರಕ್ತನಾಳದ ಕಡೆ ಇರುತ್ತದೆ, ಅಲ್ಲಿ ಹೋಲ್‌ಸ್ಟರಿನ ವಿಷಯದಲ್ಲಿ ಎಳ್ಳಷ್ಟೂ ರಾಜಿ ಕೂಡದು. ಬೆನ್ನುಮೂಳೆಯ ಮೇಲೆ, ಆರರ ಜಾಗದಲ್ಲಿ, ಇಡಲೇಬಾರದು. ಬೆನ್ನಡಿಯಾಗಿ ಬಿದ್ದರೆ ಮೂಳೆಗೇ ಏಟು. ನಾಲ್ಕನೆಯದು ಆಯುಧದ ಅಳತೆ. ದೊಡ್ಡ ಪಿಸ್ತೂಲನ್ನು ಮೆತ್ತನೆಯ ಚೀಲದಲ್ಲಿ ಒಯ್ಯುವುದಕ್ಕಿಂತ ಚಿಕ್ಕದನ್ನು ಗಟ್ಟಿ ಹೋಲ್‌ಸ್ಟರಿನಲ್ಲಿ ಒಯ್ಯುವುದು ಸಾವಿರ ಪಾಲು ಮೇಲು. ಇನ್ನು ಬಿಚ್ಚಲೇಬೇಕಾದಾಗ ಪಿಸ್ತೂಲನ್ನು ಹೋಲ್‌ಸ್ಟರಿನಿಂದ ಹೊರತೆಗೆಯಬಾರದು. ಹೋಲ್‌ಸ್ಟರ್ ಸಮೇತ ಬೆಲ್ಟಿನಿಂದ ಬಿಡಿಸಿ ಹಾಗೆಯೇ ಲಾಕರಿಗೆ ಸೇರಿಸಬೇಕು. ಕ್ಲಿಪ್ಪು ಅದಕ್ಕೆ ಅನುಕೂಲವಾಗಿರಬೇಕು.

ಬಿಚ್ಚಿಡುವ ಆ ಗಳಿಗೆಯೇ ಎಷ್ಟು ಅಪಾಯದ್ದು ಎಂದು ಮುಂಬೈಯವರಿಗೆ ಹೇಳಬೇಕಾಗಿಲ್ಲ. 2024ರ ಅಕ್ಟೋಬರ್ 1ರ ನಸುಕಿನಲ್ಲಿ ನಟ ಗೋವಿಂದ ಜುಹುವಿನ ತಮ್ಮ ಮನೆಯಲ್ಲಿ ಪ್ರಯಾಣಕ್ಕೆ ಹೊರಡುವ ಮುನ್ನ ಲೈಸೆನ್ಸ್ ಇರುವ ರಿವಾಲ್ವರನ್ನು ಕಪಾಟಿಗೆ ಇಡುತ್ತಿದ್ದಾಗ ಅದು ಕೈಜಾರಿ ಗುಂಡು ಕಾಲಿಗೆ ಹೊಕ್ಕಿತು ಎಂದು ಅವರ ಕಡೆಯವರು ಹೇಳಿದರು. ಗುಂಡು ತೆಗೆದರು, ಅವರು ಗುಣವಾದರು. ಬರಿಗೈಯಲ್ಲಿ ಗುಂಡು ತುಂಬಿದ ಆಯುಧವನ್ನು ಹಿಡಿದುಕೊಳ್ಳುವ ಗಳಿಗೆಗಳು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು.

ನಮ್ಮ ಕಾನೂನು ಈ ವಿಷಯದಲ್ಲಿ ಸುಮ್ಮನೆ ಕೂತಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಬೆನ್ನುಚೀಲದಂಥದರಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹಿಡಿತದಲ್ಲಿರಬೇಕು. ಪ್ಯಾಂಟಿಗೆ ಸಿಕ್ಕಿಸಿಕೊಂಡು ಓಡಾಡುವುದು ಶೋಕಿಯಲ್ಲ, ನಿಯಮಭಂಗ. ಆದರೆ ಮುಚ್ಚಿರುವುದು ಎಂದರೆ ಕಣ್ಣಿಗೆ ಬೀಳದಿರುವುದು ಎಂದಷ್ಟೇ ಜನ ತಿಳಿದುಕೊಂಡಿದ್ದಾರೆ. ಅಂಗಿಯೂ ಕಣ್ಣಿಗೆ ಬೀಳದಂತೆ ಮುಚ್ಚುತ್ತದೆ, ಟ್ರಿಗರನ್ನು ಕಾಯುವುದಿಲ್ಲ. ಹೊಸ ಲೈಸೆನ್ಸಿಗೆ ಸುರಕ್ಷತಾ ತರಬೇತಿ ಕಡ್ಡಾಯವಾಗಿರುವಾಗ, ಆ ತರಬೇತಿಯಲ್ಲಿ ಗುರಿಯಿಟ್ಟು ಹೊಡೆಯುವುದಕ್ಕಿಂತ ಮೊದಲು ಹೋಲ್‌ಸ್ಟರಿಗೆ ಹಾಕುವುದನ್ನೂ ತೆಗೆಯುವುದನ್ನೂ ಕಲಿಸಬೇಕು. ಗುರಿಯಿಟ್ಟು ಹೊಡೆಯುವ ಸಂದರ್ಭ ಜೀವಮಾನದಲ್ಲಿ ಬಾರದೆಯೂ ಇರಬಹುದು. ಹೋಲ್‌ಸ್ಟರಿಗೆ ಹಾಕುವ ಸಂದರ್ಭ ದಿನವೂ ಬರುತ್ತದೆ.

ಕನ್ನಡ ನಾಡಿನಲ್ಲಿ ಆಯುಧವನ್ನು ಮೈಮೇಲೆ ಹೊರುವ ಪದ್ಧತಿ ಇಲ್ಲವೇ ಎಂದರೆ ಇದೆ, ಕೊಡಗಿನಲ್ಲಿ. ಕೋವಿಗೆ ಅಲ್ಲಿ ಪೂಜೆಯೇ ಇದೆ. ಹಬ್ಬ, ಮದುವೆಗೆ ಕುಪ್ಯ ತೊಟ್ಟ ಕೊಡವ ಗಂಡಸರು ಮುಂದೆ ಕೆಂಪು ಚೇಲೆಗೆ ಒರೆ ಸಮೇತ ಪೀಚೆಕತ್ತಿ ಸಿಕ್ಕಿಸುತ್ತಾರೆ. ಬೆನ್ನ ಹಿಂದೆ ಒಡಿಕತ್ತಿಯನ್ನು ಹಿಡಿದಿಡಲು ಸೊಂಟಕ್ಕೆ ಲೋಹದ ತೊಡಂಗ್ ಕಟ್ಟುತ್ತಿದ್ದರು. ತೊಡಂಗ್ ಮೆತ್ತಗಿರಲಿ ಎಂದು ಯಾರೂ ಕೇಳಲಿಲ್ಲ. ಕತ್ತಿ ಅಲುಗಾಡಬಾರದು ಎಂಬುದು ಮೊದಲು, ಸೊಂಟದ ಸುಖ ಆಮೇಲೆ. ಆಯುಧ ಹೊತ್ತವರಿಗೆ ಹೊತ್ತಿರುವುದು ನೆನಪಿನಲ್ಲಿರಬೇಕು ಎಂಬ ತಿಳಿವಳಿಕೆ ಅಲ್ಲಿತ್ತು.

ಈಗಾಗಲೇ ಹೋಲ್‌ಸ್ಟರ್ ಇಟ್ಟುಕೊಂಡವರು ಒಂದು ಸಂಜೆ ಹೀಗೆ ಮಾಡಿ. ಪಿಸ್ತೂಲಿನ ಗುಂಡುಗಳನ್ನೆಲ್ಲ ತೆಗೆದು ಬೇರೆ ಕೋಣೆಯಲ್ಲಿಡಿ, ಚೇಂಬರ್ ಖಾಲಿ ಇದೆಯೆಂದು ಎರಡು ಸಲ ನೋಡಿ. ಹೋಲ್‌ಸ್ಟರಿಗೆ ಹಾಕಿ, ಹಾಸಿಗೆಯ ಮೇಲೆ ತಲೆಕೆಳಗೆ ಹಿಡಿದು ಅಲುಗಾಡಿಸಿ. ಪಿಸ್ತೂಲು ಬೀಳಬಾರದು. ಟ್ರಿಗರ್ ಇರುವ ಜಾಗವನ್ನು ಹೊರಗಿನಿಂದ ಹೆಬ್ಬೆರಳಲ್ಲಿ ಜೋರಾಗಿ ಒತ್ತಿ. ಒಳಗೆ ಟ್ರಿಗರ್ ಅಲುಗಬಾರದು. ಪಿಸ್ತೂಲು ತೆಗೆದ ಮೇಲೆ ಹೋಲ್‌ಸ್ಟರಿನ ಬಾಯಿ ತೆರೆದೇ ಇರಬೇಕು. ಮತ್ತೆ ಹಾಕಲು ಎಡಗೈಯಿಂದ ಬಾಯಿ ಬಿಡಿಸಬೇಕಾಗಿ ಬಂದರೆ ಆ ಎಡಗೈ ಗುಂಡಿನ ದಾರಿಯಲ್ಲಿರುತ್ತದೆ. ಈ ಮೂರರಲ್ಲಿ ಒಂದರಲ್ಲಿ ಸೋತರೂ ಅದನ್ನು ಎಸೆಯಿರಿ, ಎಷ್ಟೇ ಹಾಯಾಗಿರಲಿ. ಮೂರರಲ್ಲೂ ಗೆದ್ದು ಚುಚ್ಚಿದರೆ ಬೆಲ್ಟು ಬದಲಿಸಿ, ಜಾಗ ಬದಲಿಸಿ, ಕೊನೆಗೆ ಪಿಸ್ತೂಲೇ ಬದಲಿಸಿ. ಏನು ಮಾಡಿದರೂ ಸಹಿಸಲಾಗದಿದ್ದರೆ ಆಯುಧವನ್ನು ಲಾಕರಿನಲ್ಲಿಟ್ಟು ಬರಿ ಸೊಂಟದಲ್ಲಿ ಹೊರಡಿ. ಅದರಲ್ಲಿ ಅವಮಾನವೇನೂ ಇಲ್ಲ, ಮತ್ತು ಆ ದಿನ ಲಿಫ್ಟಿನಲ್ಲಿ ನಿಮ್ಮ ಹಿಂದೆ ನಿಂತವರು ಕ್ಷೇಮವಾಗಿ ಮನೆಗೆ ಹೋಗುತ್ತಾರೆ.