ಮರೆತ ದಿನದ ಲೇಪ

ಸಂಧ್ಯಾವಂದನೆಗೆ ಹೊತ್ತು ಮೀರಿದರೆ ಒಂದು ಅರ್ಘ್ಯವನ್ನು ಅಧಿಕವಾಗಿ ಕೊಟ್ಟು ದೋಷವನ್ನು ಕಳೆದುಕೊಳ್ಳಬೇಕೆಂಬ ವಿಧಿಯುಂಟು. ಈ ಪ್ರಾಯಶ್ಚಿತ್ತಬುದ್ಧಿಯು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ನಿನ್ನೆ ಮರೆತ ಔಷಧಿಯನ್ನು ಇಂದು ಎರಡರಷ್ಟು ತೆಗೆದುಕೊಂಡು ಸಮಾಧಾನಪಡುವವರು ಅನೇಕರು. ಔಷಧಿಯ ವಿಷಯದಲ್ಲಿ ಈ ನ್ಯಾಯವು ಸಲ್ಲದು. ಮುಟ್ಟು ನಿಲ್ಲುವ ವಯಸ್ಸಿನ ಸ್ತ್ರೀಯರು ಚರ್ಮಕ್ಕೆ ಲೇಪಿಸಿಕೊಳ್ಳುವ ಹಾರ್ಮೋನಿನ ವಿಷಯದಲ್ಲಂತೂ ಸರ್ವಥಾ ಸಲ್ಲದೆಂಬುದನ್ನು ಈ ತಿಂಗಳು ವಾಚಕರಿಗೆ ನಿವೇದಿಸುತ್ತೇವೆ. ಪುರುಷರು ಇದನ್ನು ಬರೆಯುವುದು ಉಚಿತವೇ ಎಂದು ಕೇಳುವವರಿದ್ದಾರು. ಗೃಹಸ್ಥನು ತನ್ನ ಮನೆಯವರ ದೇಹಸ್ಥಿತಿಯನ್ನು ಅರಿಯದಿರುವುದೇ ಅನುಚಿತವೆಂದು ನಮ್ಮ ಉತ್ತರ.

ರಜಸ್ಸು 12ನೆಯ ವರ್ಷದಿಂದ ತೊಡಗಿ 50ರಲ್ಲಿ ಕ್ಷಯವಾಗುವುದೆಂದು ಸುಶ್ರುತಸಂಹಿತೆಯು ಹೇಳುತ್ತದೆ. ಇಂದಿನ ವೈದ್ಯರ ಲೆಕ್ಕದಂತೆ ನಮ್ಮ ದೇಶದಲ್ಲಿ ಇದು ಸಾಮಾನ್ಯವಾಗಿ 46–47ರ ಸುಮಾರಿಗೆ ಆಗುತ್ತದೆ. ಆಗ ಅಂಡಾಶಯಗಳಲ್ಲಿ ಈಸ್ಟ್ರೊಜನ್ ಎಂಬ ಹಾರ್ಮೋನು ಕುಗ್ಗಿ, ಮೈಗೆ ಝಳ ಹೊಡೆದಂತಾಗುವುದು, ನಡುರಾತ್ರಿ ಬೆವರಿ ಎಚ್ಚರವಾಗುವುದು ಮುಂತಾದ ಉಪದ್ರವಗಳು ತಲೆದೋರುತ್ತವೆ. ನಮ್ಮ ಆನೆಕೊಂಡದಲ್ಲಿ ಚೈತ್ರ ವೈಶಾಖಗಳ ಸೆಕೆಯೇ ಸಾಕಷ್ಟಿರುವುದರಿಂದ, ಈ ಒಳಗಿನ ಉರಿಯನ್ನೂ ಬೇಸಗೆಯ ಲೆಕ್ಕಕ್ಕೆ ಬರೆದು ಸುಮ್ಮನಿರುವ ಗೃಹಿಣಿಯರುಂಟು. ತೊಂದರೆ ಮಿತಿಮೀರಿದವರಿಗೆ ವೈದ್ಯರು ಈಸ್ಟ್ರೊಜನ್ನನ್ನು ಜೆಲ್ಲಾಗಿಯೋ, ಮೈಗೆ ಅಂಟಿಸುವ ಪಟ್ಟಿಯಾಗಿಯೋ, ಗುಹ್ಯಾಂಗದ ಶುಷ್ಕತೆಗೆ ಕ್ರೀಮಾಗಿಯೋ ಕೊಡುತ್ತಾರೆ. ಸ್ತನದ ಕ್ಯಾನ್ಸರ್ ಬಂದವರೇ ಮೊದಲಾದ ಕೆಲವರಿಗೆ ಇದು ಹೊಂದದು. ಆದಕಾರಣ ವೈದ್ಯರ ಚೀಟಿಯಿಲ್ಲದೆ ಇದನ್ನು ಮುಟ್ಟತಕ್ಕದ್ದಲ್ಲ.

ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ನೆಂಟರು ಮನೆ ತುಂಬಿದಾಗ, ಅಥವಾ ಹರಿಹರದ ಮದುವೆಗೆ ಅವಸರದಿಂದ ಹೊರಟಾಗ ಲೇಪವು ಮರೆತುಹೋಗುವುದು ಸಹಜ. ಆಗ ಮಾಡತಕ್ಕದ್ದು ಇಷ್ಟೆ. ಪ್ರತಿದಿನ ಹಚ್ಚುವ ಜೆಲ್ಲು ತಪ್ಪಿ, ಸಾಮಾನ್ಯವಾಗಿ 12 ಗಂಟೆಯೊಳಗೆ ನೆನಪಾದರೆ ಆಗಲೇ ಹಚ್ಚಿಕೊಳ್ಳಬಹುದು. ಅದಕ್ಕೂ ತಡವಾಗಿದ್ದರೆ ಅಂದಿನದನ್ನು ಬಿಟ್ಟು, ಮರುದಿನ ವಾಡಿಕೆಯ ಹೊತ್ತಿಗೆ ವಾಡಿಕೆಯ ಅಳತೆಯನ್ನೇ ಹಚ್ಚಬೇಕು. ಪಟ್ಟಿಯನ್ನು ಬದಲಿಸಲು ಮರೆತಿದ್ದರೆ, ಅಥವಾ ಅದು ಬೆವರಿಗೆ ಕಿತ್ತುಬಂದಿದ್ದರೆ, ಗೊತ್ತಾದೊಡನೆ ಹೊಸದನ್ನು ಅಂಟಿಸಿ, ಮುಂದಿನದನ್ನು ಮೊದಲು ಗೊತ್ತುಮಾಡಿದ ವಾರದಂದೇ ಬದಲಿಸಬೇಕು. ವಾರಕ್ಕೆ ಎರಡು ಸಲದ ಕ್ರೀಮನ್ನು ನೆನಪಾದಾಗ ಬಳಸಬಹುದು. ಮರುಸರದಿಯ ದಿನವೇ ನೆನಪಾದರೆ ತಪ್ಪಿದ್ದನ್ನು ಬಿಡಬೇಕು. ಔಷಧಿಯೊಡನೆ ಬಂದ ಚೀಟಿಯಲ್ಲಿ ಬೇರೆ ಕ್ರಮವಿದ್ದರೆ ಅದೇ ಪ್ರಮಾಣ. ಎರಡು ದಿನದ್ದನ್ನು ಒಂದೇ ದಿನ ಹಚ್ಚುವುದು ಮಾತ್ರ ಯಾವ ಪಕ್ಷದಲ್ಲಿಯೂ ಕೂಡದು.

ಭದ್ರಾ ನಾಲೆಯ ನೀರು ಬೇಸಗೆಯಲ್ಲಿ ಸರದಿಯ ಮೇಲೆ ಬರುವುದನ್ನು ನಮ್ಮ ಸೀಮೆಯವರು ಬಲ್ಲರು. ಒಂದು ಸರದಿ ತಪ್ಪಿತೆಂದು ಮುಂದಿನ ಸರದಿಯಲ್ಲಿ ಇಮ್ಮಡಿ ನೀರನ್ನು ನುಗ್ಗಿಸಿದರೆ ಬದು ಒಡೆಯುತ್ತದೆ, ಪೈರು ಇಮ್ಮಡಿಸದು. ಹಾಗೆಯೇ ಲೇಪವನ್ನು ಇಮ್ಮಡಿಸಿದರೆ ವಾಕರಿಕೆ, ತಲೆನೋವು, ಸ್ತನಗಳಲ್ಲಿ ಬಿಗಿತ ಉಂಟಾಗಬಹುದು. ಒಂದು ದಿನ ತಪ್ಪಿದರೆ ಬಹುಶಃ ಏನೂ ತೋರದು. ಪದೇ ಪದೇ ತಪ್ಪಿದರೆ ಝಳವು ಮರಳೀತು, ಕೊಂಚ ರಕ್ತವೂ ಕಾಣಿಸೀತು. ಹಲವು ದಿನ ತಪ್ಪಿಹೋಗಿದ್ದರೆ ವೈದ್ಯರನ್ನು ಕೇಳಿ ಪುನಃ ತೊಡಗುವುದು ಮೇಲು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಗರ್ಭಕೋಶವುಳ್ಳವರು ಜೆಲ್ಲನ್ನೋ ಪಟ್ಟಿಯನ್ನೋ ಬಳಸುವಾಗ ಜೊತೆಗೆ ಪ್ರೊಜೆಸ್ಟರಾನ್ ಜಾತಿಯ ಔಷಧಿಯೂ ಇರುತ್ತದೆ. ಈಸ್ಟ್ರೊಜನ್ ಒಂದನ್ನೇ ತೆಗೆದುಕೊಂಡವರಲ್ಲಿ ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಹೆಚ್ಚುವುದೆಂದು 1975ರಲ್ಲಿ ಅಮೆರಿಕೆಯ ಅಧ್ಯಯನಗಳು ತೋರಿಸಿದವು. ಆದುದರಿಂದ ಝಳ ನಿಂತಿತೆಂದು ಲೇಪವನ್ನು ಮಾತ್ರ ಇಟ್ಟುಕೊಂಡು ಆ ಮಾತ್ರೆಯನ್ನು ಅಲಕ್ಷಿಸುವುದು ಅಪಾಯ. ಎರಡನೆಯದು: ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ, “ನಾನೇ ಔಷಧಿ ಮರೆತೆನಲ್ಲ, ಅದಕ್ಕೇ ಇರಬೇಕು” ಎಂದು ತಾನೇ ತೀರ್ಪು ಕೊಟ್ಟುಕೊಳ್ಳಬಾರದು. ಚಿಕಿತ್ಸೆಯ ಮೊದಲ ಕೆಲವು ತಿಂಗಳು ಅಲ್ಪಸ್ವಲ್ಪ ಕಾಣುವುದುಂಟಾದರೂ ವೈದ್ಯರಿಗೆ ತಿಳಿಸಲೇಬೇಕು. ಮರೆವಿನ ನೆಪದಲ್ಲಿ ಕ್ಯಾನ್ಸರಿನ ಮೊದಲ ಸೂಚನೆಯು ಮುಚ್ಚಿಹೋಗಬಹುದು. ಹೊತ್ತಿಗೆ ಗುರುತಿಸಿದರೆ ಗುಣಪಡಿಸಬಹುದಾದ ರೋಗಕ್ಕೆ ಸಂಕೋಚದ ದೆಸೆಯಿಂದ ಒಬ್ಬ ತಾಯಿಯನ್ನು ಕಳೆದುಕೊಳ್ಳುವುದು ಎಂಥ ಅನ್ಯಾಯ!

ಮರೆವಿಗೆ ಉಪಾಯವು ಸುಲಭ. ಹಾಲು ಬಾರದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಹಾಕುವ ಗೃಹಿಣಿಗೆ ಪಕ್ಕದಲ್ಲಿ ಇನ್ನೊಂದು ಚುಕ್ಕೆ ಭಾರವಲ್ಲ. ಸ್ನಾನವಾಗಿ ಮೈ ಒಣಗಿದ ಬಳಿಕ ತೋಳಿಗೋ ತೊಡೆಗೋ, ಚೀಟಿಯಲ್ಲಿ ಹೇಳಿದ ಸ್ಥಳಕ್ಕೆ ಜೆಲ್ಲನ್ನು ಹಚ್ಚಿ ಕೈ ತೊಳೆಯಬೇಕು, ಸ್ತನಗಳಿಗೆ ಹಚ್ಚಬಾರದು. ಆ ಜಾಗಕ್ಕೆ ಮೊಮ್ಮಕ್ಕಳ ಮೈ ತಗಲದಂತೆ ಬಟ್ಟೆ ಮುಚ್ಚಿರಬೇಕು, ಏಕೆಂದರೆ ಔಷಧಿಯು ಮಗುವಿನ ಚರ್ಮಕ್ಕೂ ಇಳಿಯಬಲ್ಲದು.

ಮನೆಯ ಯಜಮಾನರಲ್ಲಿ ನಮ್ಮದೊಂದು ವಿಜ್ಞಾಪನೆ. ಎಷ್ಟೋ ಮನೆಗಳಲ್ಲಿ ಈ ಟ್ಯೂಬು ಸೀರೆಗಳ ಮಡಿಕೆಯೊಳಗೆ ಅಡಗಿರುತ್ತದೆ. ಕಣ್ಣಿಗೆ ಬೀಳದ್ದು ಮನಸ್ಸಿನಿಂದಲೂ ಜಾರುತ್ತದೆ. ತಮ್ಮ ರಕ್ತದೊತ್ತಡದ ಮಾತ್ರೆಯು ಊಟದ ಮನೆಯ ಗೂಡಿನಲ್ಲಿ ರಾಜಾರೋಷವಾಗಿ ಕುಳಿತಿರುವಾಗ, ಅದರ ಪಕ್ಕದಲ್ಲಿ ಇದಕ್ಕೂ ಒಂದಿಷ್ಟು ಎಡೆಯನ್ನು ಮಾಡಿಕೊಡಲಿ, “ಇಂದಿನದಾಯಿತೇ?” ಎಂದು ಒಮ್ಮೆ ಕೇಳಲಿ. ದಾವಣಗೆರೆಯಲ್ಲಿ 1965ರಲ್ಲಿಯೇ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು, ವೈದ್ಯರು ದೂರವಿಲ್ಲ. ಅವರಲ್ಲಿಗೆ ಹೋಗಲು ಆಕೆ ಹಿಂಜರಿದರೆ ಜೊತೆಗೆ ಹೊರಡುವುದು ಯಜಮಾನರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.