ಉಕ್ಕಿನ ಮೇಲೆ ಯಾರ ಹೆಸರು?

ದೊಡ್ಡ ಕಾರ್ಖಾನೆ ಕೈಜೋಡಿಸಿದರೆ ಕುಶಲಕರ್ಮಿಯ ರೈಫಲ್ ಅಗ್ಗವಾಗುತ್ತದೆ ಎನ್ನುತ್ತಾರೆ. ನಿಜ. ಯಂತ್ರ, ಉಕ್ಕು, ಪರೀಕ್ಷೆಯ ಖರ್ಚು ಹತ್ತು ಕೋವಿಗೆ ಭಾರ, ಸಾವಿರಕ್ಕೆ ಹಂಚಿದರೆ ಹಗುರ. ಬೆಂಗಳೂರಿನಲ್ಲಿ ಸ್ನೈಪರ್ ರೈಫಲ್ ಮಾಡುವ ಎಸ್‌ಎಸ್‌ಎಸ್ ಡಿಫೆನ್ಸ್ ಬೆನ್ನಿಗೂ ಸ್ಪ್ರಿಂಗ್ ತಯಾರಿಸುವ ಹಳೆಯ ಉದ್ಯಮವೇ ಇದೆ.

ನನ್ನ ತಕರಾರು ಬೆಲೆಯದ್ದಲ್ಲ, ಹೆಸರಿನದ್ದು. 2016ರ ಶಸ್ತ್ರಾಸ್ತ್ರ ನಿಯಮಗಳು ಕೋವಿಯ ಮೇಲೆ ತಯಾರಕರ ಹೆಸರು, ಕ್ರಮಸಂಖ್ಯೆ ಇರಲೇಬೇಕು ಎನ್ನುತ್ತವೆ. ವಿನ್ಯಾಸ ಮಾಡಿದವನ ಹೆಸರು ಕೇಳುವುದಿಲ್ಲ. ನಮ್ಮ ಅರಸೀಕೆರೆಯಿಂದ ಬೇಲೂರಿಗೆ ಹೋಗಿ ನೋಡಿ. 1117ರ ದೇಗುಲ ಕಟ್ಟಿಸಿದವನು ವಿಷ್ಣುವರ್ಧನ. ಆದರೂ ಬಳ್ಳಿಗಾವೆಯ ದಾಸೋಜ, ಚಾವಣರ ಹೆಸರು ಕಲ್ಲಿನಲ್ಲಿ ಉಳಿದಿದೆ. ಅರಸನಿಗೆ ಕುಂದೆನಿಸದ್ದು ಕಂಪನಿಗೇಕೆ ಕುಂದು? ಹೆಸರು ಅಳಿಸುವ ಒಪ್ಪಂದ ಪಾಲುದಾರಿಕೆಯಲ್ಲ, ಕೂಲಿ. ಸಹಿ ಹಾಕುವ ಮುನ್ನ ಕುಶಲಕರ್ಮಿ ಇದನ್ನು ಕೇಳಲೇಬೇಕು.